ಲೆನ್ಸಿನ ಪೊರೆ

ತುಳಸಿಯ ಕ್ಯಾಮೆರಾಕ್ಕೆ ಮಬ್ಬು ಕವಿದಿದೆ ಎಂಬುದನ್ನು ಮೊದಲು ತೋರಿಸಿಕೊಟ್ಟದ್ದು ಒಂದು ನೀರುಕಾಗೆ.

ಕಮಲಾಪುರದ ಕೆರೆಯ ನಡುವೆ ನಿಂತ ಒಣ ಜಾಲಿಯ ಮೇಲೆ ಅದು ಒದ್ದೆ ರೆಕ್ಕೆ ಬಿಚ್ಚಿ, ಹರಿದ ಕೊಡೆಯೊಂದನ್ನು ಒಣಹಾಕಿದ ಹಾಗೆ ಕೂತಿತ್ತು. ಬಿಸಿಲು ಇನ್ನೂ ಎಳೆಯದು. ತುಳಸಿ ಏರಿಯ ಕಲ್ಲಿನ ಮೇಲೆ ಮಂಡಿಯೂರಿ, ಉಸಿರು ಹಿಡಿದು ಎಂಟು ಸಲ ಗುಂಡಿ ಒತ್ತಿದಳು. ಮನೆಯ ದಾರಿಯಲ್ಲಿ ನಿಂತು ನೋಡಿದರೆ ಎಂಟರಲ್ಲೂ ಹಕ್ಕಿಯನ್ನು ಮಜ್ಜಿಗೆಯಲ್ಲಿ ಅದ್ದಿ ತೆಗೆದಂತಿತ್ತು. ಸೆರಗಿನಿಂದ ಗಾಜು ಒರೆಸಿದಳು. ಹೋಗಲಿಲ್ಲ. ಬೆಳಕಿಗೆ ಹಿಡಿದಾಗ ಕಂಡಿತು: ಗಾಜಿನ ಒಳಗಡೆ, ಕೈಯೂ ಬಟ್ಟೆಯೂ ಮುಟ್ಟದ ಜಾಗದಲ್ಲಿ, ಜೇಡರ ಬಲೆಯಂಥ ಬೂಷ್ಟು.

ಆ ಕ್ಯಾಮೆರಾ ಅವಳ ಕೈಗೆ ಬಂದು ನಾಲ್ಕು ವರ್ಷವಾಗಿತ್ತು. ಹೊಸಪೇಟೆಯಲ್ಲಿ ಒಂದು ಸ್ಟುಡಿಯೋ ಬಾಗಿಲು ಮುಚ್ಚುವಾಗ ಕುರ್ಚಿ, ಪರದೆ, ದೀಪಗಳ ಜೊತೆಗೆ ಅದನ್ನೂ ಮಾರಾಟಕ್ಕಿಟ್ಟಿದ್ದರು. ಗಂಡ ಅಂಜಿನೇಯನ ಜೊತೆ ಫ್ಯಾನು ಕೊಳ್ಳಲು ಹೋದವಳು ಫ್ಯಾನು ಬಿಟ್ಟು ಕ್ಯಾಮೆರಾ ತಂದಳು. ಆ ಬೇಸಿಗೆಯೆಲ್ಲ ಮನೆಯವರು ಸೆಕೆಯಲ್ಲಿ ಬೆಂದು ಅವಳನ್ನು ಬೈದರು. ತುಳಸಿ ಮಾತ್ರ ಬೆಳಿಗ್ಗೆ ಐದೂವರೆಗೆಲ್ಲ ಎದ್ದು ಕೆರೆಗೆ ಹೋಗಿ, ಏಳಕ್ಕೆ ವಾಪಸು ಬಂದು ಹಂಚಿನ ಮುಂದೆ ಕೂರುತ್ತಿದ್ದಳು. ದಿನಕ್ಕೆ ಎಂಬತ್ತು ರೊಟ್ಟಿ. ಎರಡು ಖಾನಾವಳಿಗೆ, ಹಂಪಿಯ ಕಡೆಯ ಒಂದು ಹೋಂಸ್ಟೇಗೆ. ಅಂಜಿನೇಯ ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದ. ಶನಿವಾರ ಸಂಜೆ ಕೆಂಪು ಧೂಳು ಹೊತ್ತು ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದ. ಮನೆಯಲ್ಲಿ ಉಳಿಯುತ್ತಿದ್ದವರು ಮೂವರು ಹೆಣ್ಣುಮಕ್ಕಳು: ತುಳಸಿ, ಒಂಬತ್ತನೇ ಕ್ಲಾಸಿನ ಮಗಳು ಯಶೋಧರಾ, ಮತ್ತು ಅತ್ತೆ ಭರಮಮ್ಮ.

ಭರಮಮ್ಮನಿಗೆ ಎಪ್ಪತ್ತು ದಾಟಿತ್ತು. ಎರಡೂ ಕಣ್ಣಿಗೆ ಪೊರೆ ಬಂದು ಮೂರು ವರ್ಷ. ಹಾಗಂತ ಆಕೆ ಒಪ್ಪಿಕೊಂಡವಳಲ್ಲ. ಜೋಳದಲ್ಲಿ ಕಲ್ಲು ಆರಿಸುತ್ತಿದ್ದಳು, ಬೆರಳಿನಿಂದ. ಯಾರು ಬಂದರೆಂದು ಗುರುತಿಸುತ್ತಿದ್ದಳು, ಕೆಮ್ಮಿನಿಂದ. ಸಾರಿಗೆ ಎರಡು ಸಲ ಉಪ್ಪು ಬಿದ್ದ ದಿನ ಮಾತ್ರ, “ಇಕಿ ಕ್ಯಾಮೆರಾ ಧ್ಯಾನದಾಗ ಹಾಕ್ಯಾಳ,” ಎಂದು ಸೊಸೆಯ ಮೇಲೆ ಎತ್ತಿಹಾಕುತ್ತಿದ್ದಳು. ಹದಿನೈದು ವರ್ಷದ ಸಂಸಾರದಲ್ಲಿ ತುಳಸಿ ಆಕೆಯ ಬಾಯಿಂದ ಒಂದು ಒಳ್ಳೆಯ ಮಾತು ಕೇಳಿರಲಿಲ್ಲ. ಕೆಟ್ಟ ಹೆಂಗಸಲ್ಲ. ಬಾಯಿಗೆ ಆ ರೂಢಿಯಿರಲಿಲ್ಲ, ಅಷ್ಟೇ.

ನೀರುಕಾಗೆಯ ಆ ಬೆಳಿಗ್ಗೆ ತುಳಸಿ ಹಿಟ್ಟು ನಾದುತ್ತಾ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಗಿಸಿ ಕಂಪ್ಲಿಯ ಗವಿಸಿದ್ದಪ್ಪ ಮೇಷ್ಟ್ರಿಗೆ ಹಚ್ಚಿದಳು. ಮೇಷ್ಟ್ರು ಹೈಸ್ಕೂಲಿನಲ್ಲಿ ಚಿತ್ರ ಕಲಿಸುವವರು. ಭಾನುವಾರ ಕೆರೆಗೆ ಹಕ್ಕಿ ತೆಗೆಯಲು ಬರುತ್ತಿದ್ದರು. ಕ್ಯಾಮೆರಾದ ಗುಂಡಿಗಳನ್ನು ಒಂದೊಂದಾಗಿ ಅವಳಿಗೆ ಪರಿಚಯ ಮಾಡಿಸಿದ್ದು ಅವರೇ. ಈಗ ಅವರು ಹೊಸದು ಕೊಳ್ಳುವವರಿದ್ದರು. ತಮ್ಮ ಕ್ಯಾಮೆರಾ, ಅದಕ್ಕೆ ಜೋಡಿಸಿದ ಮೊಣಕೈಯುದ್ದದ ಲೆನ್ಸು ಎರಡನ್ನೂ ಸೇರಿಸಿ ಅವಳಿಗೆ ಕೊಡುತ್ತೇನೆ ಎಂದಿದ್ದರು. ಅದನ್ನು ಅವರಿಬ್ಬರೂ ‘ದೊಡ್ಡ ಲೆನ್ಸು’ ಎಂದೇ ಕರೆಯುತ್ತಿದ್ದರು.

“ಸರ್, ಲೆನ್ಸಿನ್ಯಾಗ ಪೊರೆ ಬಂದೈತ್ರಿ,” ಎಂದಳು ತುಳಸಿ. “ಒರಸಿದ್ರ ಹೋಗಂಗಿಲ್ಲ, ಒಳಗಿಂದು. ಎಲ್ಲಾ ಮಬ್ಬು ಮಬ್ಬು.”

ಆ ಕಡೆಯಿಂದ ಮೇಷ್ಟ್ರು ಏನೋ ಹೇಳಿದರು.

“ರಿಪೇರಿ ಬ್ಯಾಡ ಬಿಡ್ರಿ. ಇಷ್ಟು ದಿನ ತಡಕಂಡಿದ್ದ ಸಾಕು. ದೊಡ್ಡ ಲೆನ್ಸ ಆಗ್ಲಿ. ದೂರಿಂದು ಹತ್ರ ಕಾಣಬೇಕು, ಒಂದೊಂದು ಪುಕ್ಕ ಎಣಸಂಗ ಕಾಣಬೇಕು. ಅರವತ್ತೆಂಟು ಸಾವಿರ ಅಂದಿದ್ರಲ್ಲ? ಕೂಡಿಟ್ಟೀನ್ರಿ. ಈ ತಿಂಗಳ ಮುಗಿಯೂದ್ರಾಗ ಮಾಡಿಬಿಡೂನು. ಮನ್ಯಾಗ ಇನ್ನ ಯಾರಿಗೂ ಹೇಳಿಲ್ಲ.”

ಹೊಸಿಲ ಬಳಿ ಮೊರ ಹಿಡಿದು ಕೂತಿದ್ದ ಭರಮಮ್ಮನ ಕೈ ಜೋಳದ ಮೇಲೆ ನಿಂತುಹೋಯಿತು. ತುಳಸಿ ಅದನ್ನು ನೋಡಲಿಲ್ಲ. ಅವಳ ಕಣ್ಣಮುಂದೆ ಪುಕ್ಕಗಳಿದ್ದವು.

ಆ ಮಧ್ಯಾಹ್ನವೇ ಅತ್ತೆ ಬೇರೆ ಹೆಂಗಸಾದಳು.

ಊಟಕ್ಕೆ ಕೂತಾಗ ಮಜ್ಜಿಗೆಯ ಮೇಲೆ ತೇಲುತ್ತಿದ್ದ ಬೆಣ್ಣೆಯನ್ನು ತಡಕಾಡಿ ತೆಗೆದು, ಸೊಸೆಯ ರೊಟ್ಟಿಗೆ ಸವರಿದಳು. “ಹಂಚಿನ ಮುಂದ ಕುಂತು ಕುಂತು ಒಣಗೀದಿ. ತಿನ್ನು.”

ತುಳಸಿ ಮಗಳ ಮುಖ ನೋಡಿದಳು. ಯಶೋಧರಾ ತನ್ನ ಬೆಣ್ಣೆಯಿಲ್ಲದ ರೊಟ್ಟಿ ನೋಡಿಕೊಂಡಳು.

“ಅಜ್ಜಿ, ನಾ ನಿನ್ನ ಮೊಮ್ಮಗಳು, ಇಲ್ಲೇ ಅದೀನಿ,” ಎಂದಳು.

“ನೀ ಏನ್ ದುಡದು ದಣದೀಯವ್ವ? ಎದ್ದು ಕೊಡ ತಗಂಡು ನಳದತ್ರ ಹೋಗು. ನಿಮ್ಮವ್ವ ಯಾಕ ಹೋಗಬೇಕು ದಿನಾ?”

ಮುಂದಿನ ದಿನಗಳು ತುಳಸಿಗೆ ಬೇರೆ ಯಾರದೋ ಮನೆಯಲ್ಲಿ ಇದ್ದಂತೆ ಕಳೆದವು. ಅವಳು ಕೆರೆಯಿಂದ ಬರುವಷ್ಟರಲ್ಲಿ ಒಲೆಯ ಮೇಲೆ ಚಹಾ ಇರುತ್ತಿತ್ತು. ಚಹಾದಲ್ಲಿ ಇರುವೆಯೂ ಇರುತ್ತಿತ್ತು, ಅವಳು ತೆಗೆದು ಕುಡಿಯುತ್ತಿದ್ದಳು. ಶುಕ್ರವಾರ ಎಣ್ಣೆ ಹಚ್ಚಿಕೊಳ್ಳುವಾಗ ಭರಮಮ್ಮ ಬಟ್ಟಲು ಕಿತ್ತುಕೊಂಡು, ಅವಳನ್ನು ಮೊಣಕಾಲ ನಡುವೆ ಕೂರಿಸಿ ತಾನೇ ತಿಕ್ಕಿದಳು. ತವರಲ್ಲಿ ಅಜ್ಜಿ ಹಾಗೆ ತಿಕ್ಕುತ್ತಾ, ಏಳು ಬೆಟ್ಟದಾಚೆ ಒಬ್ಬಳು ರಾಜಕುಮಾರಿ ಇದ್ದಳಂತೆ ಎಂದು ಶುರುಮಾಡುತ್ತಿದ್ದಳು. ಅಜ್ಜಿ ಸತ್ತ ಮೇಲೆ ತುಳಸಿಯ ತಲೆಗೆ ಇನ್ನೊಬ್ಬರ ಕೈ ಬಿದ್ದಿರಲಿಲ್ಲ. ಯಾಕೆ ಹೀಗೆ ಎಂದು ಕೇಳಬೇಕೆನಿಸಿತು. ಕೇಳಿದರೆ ಕೈ ನಿಂತೀತು ಎನಿಸಿ ಕಣ್ಣು ಮುಚ್ಚಿದಳು.

ಯಾಕೆ ಎಂಬುದು ಗಿರಣಿಯಲ್ಲಿ ಗೊತ್ತಾಯಿತು.

ಜೋಳದ ಚೀಲ ಪಾಳಿಗಿಟ್ಟು ನಿಂತಿದ್ದಾಗ ಪಕ್ಕದ ಮನೆಯ ಹೊಳೆಮ್ಮ ಹತ್ತಿರ ಬಂದಳು. ಮುಖಕ್ಕೆಲ್ಲ ಹಿಟ್ಟು ಕೂತಿತ್ತು. ಗಿರಣಿಯ ಸದ್ದಿಗೆ ಕೂಗಿಯೇ ಮಾತಾಡಬೇಕು.

“ಏನ್ ಪುಣ್ಯವಂತಿ ಬೇ ನಿಮ್ಮತ್ತಿ! ಸೋಮವಾರ ಕಣ್ಣಿನ ಕ್ಯಾಂಪಿನವ್ರು ಹೆಸರು ಬರಕಣಾಕ ಬಂದಿದ್ರು. ನಾ ಬರಸಿದೆ. ಭರಮಮ್ಮಕ್ಕಾ, ನೀನೂ ಬರಸು, ಹೊಸಪೇಟಿಗೆ ಗಾಡಿ ಮಾಡಿ ಒಯ್ತಾರ, ಪುಕ್ಕಟ ಅಂದೆ. ಬ್ಯಾಡಂದ್ಲು.”

“ಯಾಕಂತ?”

“ಯಾಕಂತ ಕೇಳ್ತಿಯಲ್ಲೇ! ಸೊಸಿ ರೊಟ್ಟಿ ಬಡದ ರೊಕ್ಕದಾಗ ಅರವತ್ತೆಂಟು ಸಾವಿರದ ಲೆನ್ಸ ಹಾಕಸ್ತಾಳ, ಪುಕ್ಕಟಿದ್ದು ನನಗ್ಯಾಕ, ಅದನ್ನ ಗತಿ ಇಲ್ಲದವ್ರಿಗೆ ಹಾಕ್ರಿ ಅಂದ್ಲು ಅವ್ರ ಮುಂದ. ಒಂದೊಂದು ಪುಕ್ಕ ಎಣಸಂಗ ಕಾಣತೈತಂತಲ್ಲ? ಅಷ್ಟು ದೊಡ್ಡ ಲೆನ್ಸ ಕಣ್ಣಾಗ ಹಿಡಸ್ತೈತೇನಬೇ?”

ಗಿರಣಿಯ ಪಟ್ಟಿ ಗಿರಗಿರ ತಿರುಗುತ್ತಿತ್ತು. ತುಳಸಿ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಹಿಟ್ಟಿನ ಚೀಲ ಸೊಂಟಕ್ಕೇರಿಸಿಕೊಂಡು ಮನೆಗೆ ಬಂದಳು. ಭರಮಮ್ಮ ಬಾಗಿಲಲ್ಲೇ ಕೈಚಾಚಿ, “ಭಾರ ಐತಿ, ಇತ್ತ ಕೊಡವ್ವ,” ಎಂದಳು. ತುಳಸಿ ಚೀಲ ಕೊಟ್ಟಳು.

ಭಾನುವಾರ ಅಂಜಿನೇಯ ಮನೆಯಲ್ಲಿದ್ದ. ಕೋಳಿ ಸಾರು. ಭರಮಮ್ಮ ಉಂಡು ಹೊಳೆಮ್ಮನ ಕಟ್ಟೆಗೆ ಹೋದ ಮೇಲೆ ತುಳಸಿ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಮೊದಲು ನಕ್ಕ. ಎಲುಬು ಚೀಪುತ್ತಾ ಮತ್ತೆ ನಕ್ಕ. ಆಮೇಲೆ ಯೋಚನೆ ಮಾಡಿದ.

“ಹಂಗಾದ್ರ ಹಂಗ ಆಗಿಬಿಡ್ಲಿ ಬಿಡಲೇ. ಅವ್ವನ ಕಣ್ಣಿಗೆ ಹಾಕಿಸಿಬಿಡು. ಕ್ಯಾಮೆರಾ ಎಲ್ಲಿ ಓಡಿಹೋಗ್ತೈತಿ?”

“ನಿಮ್ಮವ್ವನ ಕಣ್ಣಿಗೆ ನಿಮ್ಮತ್ರ ರೊಕ್ಕ ಇಲ್ಲೇನು?”

“ನಂದೆಲ್ಲಿ ಉಳೀತೈತಿ? ಯಶೂನ ಸಾಲಿ, ಮನಿ, ಬೈಕಿನ ಕಂತು…”

“ಅಪ್ಪ, ಬೈಕ್ ತಗಳೂವಾಗ ಅಜ್ಜಿ ಕಣ್ಣು ನೆನಪಾಗಿರಲಿಲ್ಲ ನಿನಗ,” ಎಂದಳು ಯಶೋಧರಾ, ತಾಟಿನಿಂದ ತಲೆ ಎತ್ತದೆ.

“ನೀ ಸುಮ್ಕ ಉಣ್ಣು. ದೊಡ್ಡವ್ರ ಮಾತಿನ್ಯಾಗ ಬಾಯಿ ಹಾಕಬ್ಯಾಡ.”

“ಆಕಿ ಹೇಳಿದ್ರಾಗ ತಪ್ಪೇನೈತಿ?” ತುಳಸಿಯ ದನಿ ಏರಿತು. “ಪುಕ್ಕಟ ಮಾಡಾಕ ಗಾಡಿ ಬಾಗಿಲಿಗೇ ಬರ್ತೈತಿ. ಹೋದ ವರ್ಷ ಗಾಡಿಯವ್ರು ಕರದ್ರೂ ಒಲ್ಲೆ ಅಂದ್ರು. ಈಗ ನಾಕು ವರ್ಷ ನಾ ಹೊಗಿ ಕುಡದು ಕೂಡಿಟ್ಟಿದ್ದು ಬೇಕಾತು. ನನಗಂತ ಏನ್ ಕೇಳೀನಿ ಈ ಮನ್ಯಾಗ? ಸೀರಿ ಕೇಳೀನೇನು? ಬಂಗಾರ ಕೇಳೀನೇನು?”

“ಬಂಗಾರ ಕೇಳಿದ್ರ ಛಲೋ ಇತ್ತು. ಇಟ್ರ ರೊಕ್ಕ ಬರ್ತಿತ್ತು. ಹಕ್ಕಿ ಫೋಟೋ ತಗಂಡು ಏನ್ ಮಾಡ್ತಿ? ಯಾರು ಕೊಡ್ತಾರ ಅದಕ್ಕ ರೊಕ್ಕ?”

“ಯಾರೂ ಕೊಡಂಗಿಲ್ಲ.”

“ಮತ್ತ?”

ತುಳಸಿ ಗಂಡನ ತಾಟಿಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಬೆಳಿಗ್ಗೆ ಆ ಒಂದು ತಾಸು ತಾನು ಯಾರ ಸೊಸೆಯೂ ಅಲ್ಲ, ರೊಟ್ಟಿಯವಳೂ ಅಲ್ಲ, ಬರೀ ಎರಡು ಕಣ್ಣು ಎನ್ನುವುದನ್ನು ಟಿಪ್ಪರ್ ಓಡಿಸುವವನಿಗೆ ಯಾವ ಮಾತಿನಲ್ಲಿ ಹೇಳುವುದು?

“ಹಂಗಾದ್ರ ಹೇಳಿಬಿಡು ಅವ್ವಗ, ನಿಂದಲ್ಲ ಲೆನ್ಸು ಅಂತ,” ಎಂದ ಅಂಜಿನೇಯ.

“ನೀವ ಹೇಳ್ರಿ. ನಿಮ್ಮವ್ವ.”

“ಫೋನಿನ್ಯಾಗ ಮಾತಾಡಿದಾಕಿ ನೀನು.”

ಇಬ್ಬರೂ ಹೇಳಲಿಲ್ಲ. ಸೋಮವಾರ ಅವನು ಸಂಡೂರಿಗೆ ಹೋದ. ಗುರುವಾರ ಬೆಳಿಗ್ಗೆ ಕ್ಯಾಂಪಿನ ಗಾಡಿ ಓಣಿಯ ತಿರುವಿನಲ್ಲಿ ನಿಂತು ಹಾರ್ನ್ ಹೊಡೆಯಿತು. ಹೊಳೆಮ್ಮ ಬುತ್ತಿಗಂಟು ಹಿಡಿದು ಹತ್ತಿದಳು. ಭರಮಮ್ಮ ಬಾಗಿಲಲ್ಲಿ ನಿಂತು, ಗಾಡಿಯಿದ್ದ ಕಡೆಗಿಂತ ಸ್ವಲ್ಪ ಆಚೆಗೆ ಮುಖ ಮಾಡಿ, “ಹೋಗಿ ಬಾರಬೇ ಹೊಳೆವ್ವಾ, ನಂದು ಇನ್ನ ಹದಿನೈದು ದಿನಕ್ಕೈತಿ,” ಎಂದು ಕೂಗಿದಳು. ಒಳಗೆ ತುಳಸಿ ರೊಟ್ಟಿ ಬಡಿಯುತ್ತಿದ್ದಳು. ಈಗಲೂ ಎದ್ದು ಓಡಿ ಗಾಡಿ ನಿಲ್ಲಿಸಬಹುದಿತ್ತು. ಹಂಚಿನ ಮೇಲಿನ ರೊಟ್ಟಿ ಸೀಯಿತು. ಗಾಡಿ ಹೋಯಿತು.

ಮರುವಾರ ಅವಳು ಕಂಪ್ಲಿಗೆ ಹೊರಟಳು. ಗಂಗಾವತಿ ಬಸ್ಸು ಹತ್ತಿ, ಆಧಾರ್ ಕಾರ್ಡು ತೋರಿಸಿ ಸೊನ್ನೆ ರೂಪಾಯಿಯ ಟಿಕೇಟು ಇಸಕೊಂಡು, ಕಿಟಕಿಯ ಪಕ್ಕ ಕೂತಳು. ಬರೀ ನೋಡಿ ಬರುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು. ದಾರಿಯುದ್ದಕ್ಕೂ ಬಾಳೆತೋಟ, ಕಬ್ಬು, ನೀರು ನಿಂತ ಗದ್ದೆ. ಗದ್ದೆಯಲ್ಲಿ ಬಿಳಿ ಚುಕ್ಕೆಗಳು. ಬೆಳ್ಳಕ್ಕಿ ಇರಬಹುದು, ಕೊಕ್ಕರೆ ಇರಬಹುದು. ದೂರದ ಚುಕ್ಕೆಗಳನ್ನು ನೋಡಿಯೇ ಅವಳ ನಾಲ್ಕು ವರ್ಷ ಕಳೆದಿತ್ತು.

ಮೇಷ್ಟ್ರು ಅವಳನ್ನು ಮನೆಯೊಳಗೆ ಕೂರಿಸದೆ ನೇರ ಹೊಳೆಯ ಸೇತುವೆಗೆ ಕರೆದೊಯ್ದರು. “ಟೇಬಲ್ ಮ್ಯಾಲಿಟ್ಟು ನೋಡೋ ವಸ್ತು ಅಲ್ಲಮ್ಮ ಇದು,” ಎಂದು ದೊಡ್ಡ ಲೆನ್ಸಿನ ಕ್ಯಾಮೆರಾದ ಪಟ್ಟಿಯನ್ನು ಅವಳ ಕೊರಳಿಗೆ ಹಾಕಿದರು.

ಭಾರವೆಂದರೆ ಭಾರ. ಹಸಿ ಕೂಸನ್ನು ಎತ್ತಿಕೊಂಡ ಹಾಗೆ ಎಡಗೈ ಅಡಿಯಲ್ಲಿಟ್ಟು ಎತ್ತಿದಳು. ತುಂಗಭದ್ರೆಯ ಮೇಲೆ ಒಂದು ಕಪ್ಪುಬಿಳಿ ಮಿಂಚುಳ್ಳಿ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತಿತ್ತು, ಕಣ್ಣನ್ನು ನೀರಿಗೆ ನೆಟ್ಟು. ಅವಳು ಗುಂಡಿಯನ್ನು ಅರ್ಧ ಒತ್ತಿದಳು. ಟಿಕ್ ಎಂದಿತು. ಒಮ್ಮೆಗೇ ಹಕ್ಕಿ ಬಂದು ಅವಳ ಮುಖದ ಮುಂದೆ ನಿಂತಿತು. ಎದೆಯ ಮೇಲಿನ ಕರಿ ಪಟ್ಟೆ, ಕೊಕ್ಕಿನ ತುದಿಯ ಒಂದು ಹನಿ, ಆ ಹನಿಯಲ್ಲಿ ಆಕಾಶ. ಹಕ್ಕಿ ಧುಮುಕಿತು. ಅವಳ ಬೆರಳು ಅದರ ಜೊತೆಗೇ ಧುಮುಕಿತು.

ತುಳಸಿ ಕ್ಯಾಮೆರಾ ಇಳಿಸಿದಾಗ ಕೆನ್ನೆ ಒದ್ದೆಯಾಗಿತ್ತು. ಮೇಷ್ಟ್ರು ಹೊಳೆಯ ಕಡೆ ತಿರುಗಿ ನಿಂತು, “ಗಾಳಿ ಭಾಳ ಇವತ್ತು,” ಎಂದರು.

ಚೀಲದಿಂದ ಹತ್ತು ಸಾವಿರ ತೆಗೆದು ಅವರ ಕೈಗಿಟ್ಟಳು. “ಉಳಿದಿದ್ದು ಇನ್ನೊಂದ ವಾರಕ್ಕ ಕೊಡ್ತೀನ್ರಿ. ಬ್ಯಾರೆ ಯಾರಿಗೂ ಕೊಡಬ್ಯಾಡ್ರಿ.”

ಮನೆ ಮುಟ್ಟಿದಾಗ ಸಂಜೆ ದೀಪ ಹಚ್ಚಿದ್ದರು. ಒಲೆಯ ಮೇಲೆ ನುಚ್ಚು, ಪುಂಡಿ ಪಲ್ಯ. ಭರಮಮ್ಮ ತಾನೇ ಮಾಡಿದ್ದಳು. ಬಲಗೈಯ ಎರಡು ಬೆರಳಿಗೆ ಅರಿಶಿನ ಮೆತ್ತಿದ್ದಳು, ಬಿಸಿ ಗಂಜಿ ಚೆಲ್ಲಿಕೊಂಡಿದ್ದಳು.

“ನೀವ್ಯಾಕ ಮಾಡಾಕ ಹೋದ್ರಿ ಅತ್ತಿ?”

“ದಣದು ಬರ್ತಿ. ಬಿಸಿ ಉಣ್ಣು.” ಭರಮಮ್ಮ ಅವಳ ಎದುರು ಗೋಡೆಗೆ ಒರಗಿ ಕೂತಳು. ಆಮೇಲೆ ಹೊಸದಾಗಿ ಮದುವೆಯಾದವಳಂತೆ ನಾಚಿಕೊಂಡು ಕೇಳಿದಳು. “ತಾರೀಕು ಕೊಟ್ರೇನವ್ವ?”

“ಏನ್ ತಾರೀಕ್ರಿ?”

“ಕಣ್ಣಿಂದು. ನೀನಾಗಿ ಹೇಳೂತನಾ ಸುಮ್ಕಿರಬೇಕಂತ ಇದ್ದೆ. ಹೊಟ್ಯಾಗ ಇಟ್ಗಣಾಕ ಆಗವಲ್ದು. ಅವತ್ತು ನೀ ಫೋನಿನ್ಯಾಗ ಮಾತಾಡಿದ್ದು ಕೇಳಸ್ಕಂಡೀನಿ ತಾಯಿ. ನನ್ನ ಹೊಟ್ಯಾಗ ಹುಟ್ಟಿದಾತಗ ತಿಳೀಲಿಲ್ಲ, ನಿನಗ ತಿಳೀತು.”

ತುಳಸಿ ಕೈಯಲ್ಲಿದ್ದ ತುತ್ತು ತಾಟಿಗೆ ಇಳಿಸಿದಳು. ಯಶೋಧರಾ ಪುಸ್ತಕ ಮುಚ್ಚಿದಳು.

“ಅತ್ತಿ, ಅದು ಕ್ಯಾಮೆರಾದ ಲೆನ್ಸ್ರಿ. ನಿಮ್ಮ ಕಣ್ಣಿಂದಲ್ಲ.”

“ಪೊರೆ ಬಂದೈತಿ ಅಂದಿ.”

“ಕ್ಯಾಮೆರಾಕ್ಕ.”

“ಕ್ಯಾಮೆರಾಕ್ಕೂ ಪೊರೆ ಬರ್ತೈತೇನು?”

“ಬೂಷ್ಟು ಹಿಡೀತೈತ್ರಿ ಒಳಗ. ನಾನು ಹಂಗ ಬಾಯಿಗೆ ಬಂದಂಗ ಪೊರೆ ಅಂದೆ.”

ಭರಮಮ್ಮ ತಲೆಯಾಡಿಸಿದಳು. ಲೆಕ್ಕ ಕಲಿಯುವ ಮಗುವಿನಂತೆ ನಿಧಾನವಾಗಿ, ಎರಡು ಮೂರು ಸಲ. “ನಾ ಹಿಂಗ ತಿಳಕಂಡೀನಿ ಅಂತ ನಿನಗ ಯಾವತ್ತು ಗೊತ್ತಾತು?”

ಇಲ್ಲಿ ಸುಳ್ಳು ಹೇಳಬಹುದಿತ್ತು. “ಗಿರಣ್ಯಾಗ,” ಎಂದಳು ತುಳಸಿ. “ಎರಡು ವಾರ ಆತು.”

“ಎರಡು ವಾರ.” ಮುದುಕಿ ಬೆರಳು ಮಡಿಚಿ ಲೆಕ್ಕ ಹಾಕಿದಳು. “ಅಂದ್ರ ಗಾಡಿ ಬಂದಾಗ ಗೊತ್ತಿತ್ತು. ನಾ ಬಾಗಿಲದಾಗ ನಿಂತು ಓಣಿಗೆಲ್ಲಾ ಕೇಳಂಗ ಕೂಗಿದ್ನೆಲ್ಲ, ಆವಾಗ ನೀ ಒಳಗ ಇದ್ದಿ.”

“ಇದ್ದೆ.”

“ಯಾಕ ಸುಮ್ನಾದಿ?”

ಬೆಣ್ಣೆಗಾಗಿ ಎನ್ನಲೇ? ತಲೆಗೆ ಹಚ್ಚಿದ ಎಣ್ಣೆಗಾಗಿ, ‘ಅವ್ವ’ ಎಂದು ಕರೆಯುತ್ತಿದ್ದುದಕ್ಕಾಗಿ ಎನ್ನಲೇ? ಭರಮಮ್ಮ ಗೋಡೆ ಹಿಡಿದು ಎದ್ದಳು. ಎದ್ದವಳು ತಿರುಗಿ, ಸಿಟ್ಟಿಲ್ಲದೆ, ಮನೆಗೆ ಬಂದ ಪರಸ್ಥಳದವರಿಗೆ ಹೇಳುವ ಹಾಗೆ ಹೇಳಿದಳು:

“ಉಣ್ರಿ. ಆರತೈತಿ.”

ಅಂದಿನಿಂದ ಸೊಸೆ ಆಕೆಗೆ ‘ನೀವು’ ಆದಳು. “ನೀರು ಕೊಡ್ರಿ.” “ಚೀಲ ಎಲ್ಲಿಟ್ಟೀರಿ?” “ನೀವು ಕುಂದ್ರಿ, ನಾ ಬಳಕಂತೀನಿ.” ಒಂದು ಬೈಗುಳವಿಲ್ಲ, ಕೊಂಕಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಸುಮ್ಮನೆ ಉಂಡೇಳುತ್ತಿದ್ದಳು. ಹದಿನೈದು ವರ್ಷ ‘ಲೇ’ ಎಂದು ಕೂಗಿಸಿಕೊಂಡು ಮುಖ ಗಂಟಿಕ್ಕುತ್ತಿದ್ದ ತುಳಸಿಗೆ ಈಗ ಆ ‘ರಿ’ ಒಂದೊಂದೂ ಬಾಗಿಲು ಹಾಕಿಕೊಂಡ ಸದ್ದಿನಂತೆ ಕೇಳುತ್ತಿತ್ತು.

“ಅಜ್ಜಿ, ಬೈದುಬಿಡು ಒಂದ್ಸಲ,” ಎಂದು ಯಶೋಧರಾ ಬೇಡಿಕೊಂಡಳು. “ಮನ್ಯಾಗ ಇರಾಕ ಆಗವಲ್ದು.”

“ಯಾರನ್ನವ್ವ ಬೈಲಿ? ಕಿವಿ ನಂದು, ತಿಳುವಳಿಕಿ ನಂದು.”

ಮೂರನೇ ದಿನ ಭರಮಮ್ಮ ಗೋಡೆ ಸವರುತ್ತಾ ಹೊಳೆಮ್ಮನ ಮನೆಗೆ ತಾನೇ ಹೋದಳು. ಕರಿ ಕನ್ನಡಕ ಹಾಕಿಕೊಂಡು ಕಟ್ಟೆಯಲ್ಲಿ ಕೂತಿದ್ದ ಹೊಳೆಮ್ಮನ ಮುಂದೆ, ಓಣಿಯ ನಾಲ್ಕು ಹೆಂಗಸರ ಎದುರು ಹೇಳಿದಳು. “ಮುಂದಿನ ಗಾಡಿಗೆ ನಂದೂ ಹೆಸರು ಬರಸು ಹೊಳೆವ್ವ. ಸೊಸಿ ಹಾಕಸ್ತಿದ್ದಿಲ್ಲ. ನಾನ ತಪ್ಪು ಕೇಳಿಸ್ಕಂಡಿದ್ದೆ.” ಇದನ್ನು ಯಶೋಧರಾ ಬಂದು ಅಮ್ಮನಿಗೆ ಹೇಳಿದಳು. ಯಾರೂ ನಗಲಿಲ್ಲವಂತೆ. ನಕ್ಕಿದ್ದರೆ ಚೆನ್ನಾಗಿತ್ತು ಎನಿಸಿತು ತುಳಸಿಗೆ.

ಗಾಡಿ ಬರುವ ಹೊತ್ತಿಗೆ ಮತ್ತೆ ತಿಂಗಳಾಗಿತ್ತು. ಅಂಜಿನೇಯನಿಗೆ ರಜೆ ಸಿಗಲಿಲ್ಲ. ಜೊತೆಗೆ ಒಬ್ಬರು ಬೇಕೇಬೇಕು ಎಂದರು. ತುಳಸಿ ಹೋದಳು. ಆಸ್ಪತ್ರೆಯ ಬೆಂಚಿನ ಮೇಲೆ ಸಾಲಾಗಿ ಕೂತ ಮುದುಕ ಮುದುಕಿಯರ ಹಣೆಗೆ ನರ್ಸು ಪಟ್ಟಿ ಅಂಟಿಸುತ್ತಾ ಬಂದಳು. “ಬಲಗಣ್ಣು ಮೊದಲು ಮಾಡ್ತಾರೆ. ಲೆನ್ಸು ಕ್ಯಾಂಪಿಂದೇ ಹಾಕೋದಾ? ದುಡ್ಡು ಕಟ್ಟಿದ್ರೆ ಬೇರೆದೂ ಇದೆ.”

“ಬ್ಯಾರೇದು ಹಾಕ್ರಿ,” ಎಂದಳು ತುಳಸಿ. “ಯಾವ್ದು ಛಲೋದೈತಿ ಅದನ್ನ ಹಾಕ್ರಿ. ಕಟ್ತೀನಿ.” ಮೇಷ್ಟ್ರಿಗೆ ಕೊಡದೆ ಉಳಿಸಿಕೊಂಡಿದ್ದ ಐವತ್ತೆಂಟು ಸಾವಿರ ಆ ಬೆಳಿಗ್ಗೆ ಅವಳ ರವಿಕೆಯೊಳಗಿತ್ತು.

ಭರಮಮ್ಮ ನರ್ಸಿನ ಸದ್ದು ಬಂದ ಕಡೆಗೆ ಮುಖ ಎತ್ತಿದಳು. “ಪುಕ್ಕಟಿದ್ದರಾಗ ಕಾಣಂಗಿಲ್ಲೇನ್ರಿ ನರ್ಸಮ್ಮ?”

“ಕಾಣತ್ತಜ್ಜಿ. ಎರಡರಲ್ಲೂ ಕಾಣತ್ತೆ.”

“ಹಂಗಾದ್ರ ಪುಕ್ಕಟಿದ್ದ ಹಾಕ್ರಿ. ಇವ್ರು ಕಷ್ಟಪಟ್ಟು ಕೂಡಿಟ್ಟಾರ, ಅದು ಬ್ಯಾರೆ ಕೆಲಸಕ್ಕೈತಿ.”

“ಅತ್ತಿ, ನಾ ಮನಸಿನಿಂದ ಹೇಳಾಕತ್ತೀನ್ರಿ.”

“ನಾನೂ ಮನಸಿನಿಂದನ ಹೇಳಾಕತ್ತೀನಿ,” ಎಂದಳು ಭರಮಮ್ಮ. ಕೈ ಹಿಡಿದು ಕರೆದೊಯ್ಯಲು ಬಂದ ಆಯಾಳ ಹಿಂದೆ ಎದ್ದು ಹೋದಳು.

ಭಾನುವಾರ ಅಂಜಿನೇಯ ತಾನೇ ಕಂಪ್ಲಿಗೆ ಹೋಗಿ ಕ್ಯಾಮೆರಾ ತಂದ. ತುಳಸಿ ಬೇಡವೆಂದಿದ್ದಳು. “ಅವ್ವಗ ಬ್ಯಾಡಾದ ರೊಕ್ಕ ಇಟ್ಗಂಡು ಏನ್ ಮಾಡ್ತ್ಯಲೇ, ದಿನಾ ನೋಡ್ಕಂಡು ಅಳ್ತಿಯೇನು?” ಎಂದು ಅವನೇ ಡಬ್ಬಿಯಿಂದ ದುಡ್ಡು ತೆಗೆದುಕೊಂಡು ಹೋಗಿದ್ದ. ಕರಿ ಚೀಲವನ್ನು ಪಡಸಾಲೆಯ ಗೂಟಕ್ಕೆ ನೇತುಹಾಕಿದ. ಅದು ಅಲ್ಲೇ ಉಳಿಯಿತು.

ಉಳಿಯಲು ಕಾರಣವಿತ್ತು. ಭರಮಮ್ಮನ ಕಣ್ಣಿಗೆ ದಿನಕ್ಕೆ ಆರು ಸಲ ಔಷಧಿ ಬಿಡಬೇಕಿತ್ತು, ಮೊದಲನೆಯದು ಬೆಳಿಗ್ಗೆ ಆರಕ್ಕೆ. ಕೆರೆಯಲ್ಲಿ ಹಕ್ಕಿ ಏಳುವ ಹೊತ್ತೂ ಅದೇ. ತುಳಸಿ ಕೈತೊಳೆದು ಬಂದು ಮಂಚದ ಪಕ್ಕ ಕೂರುತ್ತಿದ್ದಳು. ಎಡಗೈಯಿಂದ ಕೆಳರೆಪ್ಪೆ ಎಳೆದು, ಬಲಗೈಯಿಂದ ಒಂದು ತೊಟ್ಟು. ಅಷ್ಟು ಹತ್ತಿರದಿಂದ ಆ ಕಣ್ಣು ಅವಳನ್ನೇ ನೋಡುತ್ತಿತ್ತು. ಹಾಲಿನ ಪರದೆ ಸರಿದು, ಕರಿಯಾಗಿ, ತೊಳೆದಂತೆ. ಏನು ಕಾಣುತ್ತಿದೆ ಎಂದು ಅವಳು ಕೇಳುತ್ತಿರಲಿಲ್ಲ. ಆಕೆ ಹೇಳುತ್ತಿರಲಿಲ್ಲ. “ಆತ್ರಿ,” ಎಂದು ರೆಪ್ಪೆ ಮುಚ್ಚುತ್ತಿದ್ದಳು. ಹತ್ತು ದಿನ ಹೀಗೇ.

ಹನ್ನೊಂದನೇ ದಿನ ಬೆಳಿಗ್ಗೆ ತುಳಸಿ ಬಂದಾಗ ಭರಮಮ್ಮ ಎದ್ದು ಕೂತಿದ್ದಳು. ಕರಿ ಕನ್ನಡಕ ಪಕ್ಕದಲ್ಲಿತ್ತು. ಆಕೆಯ ನೋಟ ಸೊಸೆಯ ತಲೆಯಿಂದ ಕಾಲಿನವರೆಗೆ ಇಳಿದು, ಮೆಲ್ಲಗೆ ಮತ್ತೆ ಮೇಲೇರಿತು. ಹಂಚಿನ ಕಾವಿಗೆ ಕಪ್ಪಾದ ಮೊಣಕೈ, ಕಿವಿಯ ಮೇಲೆ ಬೆಳ್ಳಗಾದ ಕೂದಲು, ಸವೆದ ತಾಳಿದಾರ, ಎಲ್ಲದರ ಮೇಲೂ ಆ ಕಣ್ಣು ಒಂದೊಂದು ಗಳಿಗೆ ನಿಂತಿತು. ಆಮೇಲೆ ಕೈ ಚಾಚಿದಳು.

“ಕೊಡ್ರಿ ಇಲ್ಲಿ. ನಾನ ಹಾಕ್ಕಂತೀನಿ.”

“ಬರಂಗಿಲ್ರಿ ನಿಮಗ. ಕೈ ನಡಗ್ತೈತಿ.”

“ಕೊಡ್ರಿ.”

ತುಳಸಿ ಶೀಶೆ ಕೊಟ್ಟಳು. ಭರಮಮ್ಮ ಮಲಗಿ, ರೆಪ್ಪೆ ಎಳೆದು ಹಿಂಡಿದಳು. ಮೊದಲ ತೊಟ್ಟು ಕೆನ್ನೆಗೆ ಬಿತ್ತು. ಎರಡನೆಯದು ಕಿವಿಯ ಕಡೆ ಹರಿಯಿತು. ತುಳಸಿಯ ಕೈ ತಾನಾಗಿ ಮುಂದಕ್ಕೆ ಹೋಗಿ, ಹಿಂದಕ್ಕೆ ಬಂತು. ಮೂರನೆಯದು ರೆಪ್ಪೆಯ ಅಂಚಿನಲ್ಲಿ ತೂಗಾಡಿ, ಒಳಗಿಳಿಯಿತು.

ಭರಮಮ್ಮ ಕಣ್ಣು ಮುಚ್ಚಿದಳು. ಔಷಧಿ ಕೆನ್ನೆಯ ಮೇಲಿಂದ ದಿಂಬಿಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಹೊರಗೆ ಯಾರೋ ಅಂಗಳಕ್ಕೆ ನೀರು ಹೊಡೆಯುತ್ತಿದ್ದರು. ತುಳಸಿ ಇನ್ನೂ ಅಲ್ಲೇ ಇದ್ದಳು, ಖಾಲಿ ಕೈಯಲ್ಲಿ.

“ಬಿತ್ತು,” ಎಂದಳು ಭರಮಮ್ಮ. ಕಣ್ಣು ಬಿಡದೆ, ಕ್ಯಾಮೆರಾದ ಚೀಲವಿದ್ದ ಗೂಟದ ಕಡೆಗೆ ಗದ್ದ ತಿರುಗಿಸಿ ಗದರಿದಳು. “ಇನ್ನೂ ಏನ್ ನೋಡ್ಕಂತ ನಿಂತೀಯಲೇ? ಹೊತ್ತು ಮ್ಯಾಲ ಬಂತು.”